ಕುದುರೆಯ ಕಣ್ಣಿನಲ್ಲಿ ಹುಳು: ಮೂಲ ಪಕ್ಕದ ಕೊಟ್ಟಿಗೆಯಲ್ಲಿ

ನಿಮ್ಮ ಕುದುರೆ ಒಂದು ಬೆಳಿಗ್ಗೆ ಒಂದೇ ಕಣ್ಣಿನಿಂದ ನೀರು ಸುರಿಸುತ್ತಾ ನಿಂತಿರುತ್ತದೆ. ರೆಪ್ಪೆ ಅರ್ಧ ಮುಚ್ಚಿರುತ್ತದೆ. ಬಿಸಿಲಿಗೆ ತಂದರೆ ಮುಖ ತಿರುಗಿಸುತ್ತದೆ. ಧೂಳು ಬಿದ್ದಿರಬೇಕೆಂದು ನೀವು ನೀರೆರಚಿ ಸುಮ್ಮನಾಗುತ್ತೀರಿ. ಎರಡು ದಿನ ಕಳೆದು ಕಣ್ಣಿನ ಮೇಲೆ ಮಂಜು ಕವಿದಂತೆ ಕಾಣುತ್ತದೆ. ಆಗ ಬೆಳಕಿನಲ್ಲಿ ನಿಲ್ಲಿಸಿ ಸರಿಯಾಗಿ ನೋಡಿದರೆ, ಕಣ್ಣುಗುಡ್ಡೆಯ ಒಳಗೆ ಬಿಳಿ ನೂಲಿನೆಳೆಯಂಥದೊಂದು ಹಾವಿನಂತೆ ಹೊರಳಾಡುತ್ತಿರುವುದು ಕಂಡೀತು.

ಇದು ದೃಷ್ಟಿ ತಾಗಿದ್ದೂ ಅಲ್ಲ, ಗ್ರಹಚಾರವೂ ಅಲ್ಲ. ಅದು ಜೀವಂತ ಹುಳು. ನಮ್ಮ ದೇಶದ ಪಶುವೈದ್ಯರಿಗೆ ಬಹುಕಾಲದಿಂದ ಪರಿಚಯವಿರುವ ರೋಗ. ಸಕಾಲದಲ್ಲಿ ಹುಳುವನ್ನು ಹೊರತೆಗೆದರೆ ಕಣ್ಣು ಉಳಿಯುತ್ತದೆ. ತಡ ಮಾಡಿದರೆ ಹೂ ಬಿದ್ದು ಕುರುಡಾಗುತ್ತದೆ.

ಹುಳು ಬರುವ ದಾರಿ

ಈ ಹುಳುವಿನ ಹೆಸರು ಸೆಟೇರಿಯಾ ಡಿಜಿಟೇಟಾ. ಇದರ ನಿಜವಾದ ಮನೆ ಕುದುರೆಯಲ್ಲ, ದನ. ದನ ಮತ್ತು ಎಮ್ಮೆಗಳ ಹೊಟ್ಟೆಯೊಳಗೆ, ಕರುಳಿನ ಹೊರಗಿನ ಜಾಗದಲ್ಲಿ ಈ ಹುಳುಗಳು ವಾಸಿಸುತ್ತವೆ. ಅವುಗಳಿಂದ ದನಕ್ಕೆ ಸಾಮಾನ್ಯವಾಗಿ ತೊಂದರೆ ಕಾಣುವುದಿಲ್ಲ. ಮೇಯುತ್ತದೆ, ಹಾಲು ಕೊಡುತ್ತದೆ, ಗಾಡಿ ಎಳೆಯುತ್ತದೆ. ಆದರೆ ಹುಳುವಿನ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಅದರ ರಕ್ತದಲ್ಲಿ ಓಡಾಡುತ್ತಿರುತ್ತವೆ.

ಸೊಳ್ಳೆ ಆ ದನವನ್ನು ಕಚ್ಚಿ ರಕ್ತದ ಜೊತೆ ಮರಿಗಳನ್ನೂ ಹೀರುತ್ತದೆ. ಸುಮಾರು ಎರಡು ವಾರ ಸೊಳ್ಳೆಯ ಮೈಯಲ್ಲಿ ಅವು ಬೆಳೆಯುತ್ತವೆ. ಬಳಿಕ ಅದೇ ಸೊಳ್ಳೆ ಕುದುರೆಯನ್ನು ಕಚ್ಚಿದಾಗ ಮರಿಹುಳು ಕುದುರೆಯ ಮೈ ಸೇರುತ್ತದೆ. ಕುದುರೆಯ ಮೈ ಅದಕ್ಕೆ ಒಗ್ಗಿದ ಮನೆಯಲ್ಲ. ಆದ್ದರಿಂದ ದಾರಿ ತಪ್ಪಿ ಅಲೆಯುತ್ತದೆ. ಹಾಗೆ ಅಲೆಯುತ್ತಾ ಕಣ್ಣಿಗೆ ಹೊಕ್ಕರೆ ಕಣ್ಣು ಹುಳು. ಬೆನ್ನುಹುರಿಗೆ ಹೊಕ್ಕರೆ ಹಿಂಗಾಲು ಎಳೆಯುವ, ಸೊಂಟ ಬೀಳುವ ರೋಗ. ಇದನ್ನು ಕುಮ್ರಿ ಎನ್ನುತ್ತಾರೆ. ಕುರಿ ಮೇಕೆಗಳಿಗೂ ಇದೇ ಹುಳುವಿನಿಂದ ಸೊಂಟ ಬೀಳುವುದುಂಟು.

ಹೀಗೆ ದನ, ಸೊಳ್ಳೆ, ಕುದುರೆ ಮೂರೂ ಒಂದೆಡೆ ಸೇರಿದಲ್ಲಿ ಈ ರೋಗಕ್ಕೆ ದಾರಿ ತೆರೆಯುತ್ತದೆ. ಬೆಂಗಳೂರಿನ ಪಶ್ಚಿಮ ಭಾಗವನ್ನೇ ನೋಡಿ. ಇಂದಿನ ಅನ್ನಪೂರ್ಣೇಶ್ವರಿ ನಗರ, ನಾಗರಭಾವಿ, ಮಲ್ಲತ್ತಹಳ್ಳಿಗಳ ಬಡಾವಣೆಗಳೆಲ್ಲ ಹಿಂದೆ ಹೊಲಗದ್ದೆಗಳಾಗಿದ್ದ ನೆಲ. ಆ ಕಡೆಯ ಚರಂಡಿ ನೀರೆಲ್ಲ ಹರಿದು ಸೇರುವುದು ವೃಷಭಾವತಿಯನ್ನು. ಇಂಥ ನಗರದ ಅಂಚಿನಲ್ಲಿ ಹಳೆಯ ಊರಿನವರ ಹಸುಗಳು ಇನ್ನೂ ಮನೆಯ ಮಗ್ಗುಲಲ್ಲೇ ಕಟ್ಟಿರುತ್ತವೆ. ಮದುವೆ ಮೆರವಣಿಗೆಯ ಕುದುರೆಗೂ ಅದೇ ಕೊಟ್ಟಿಗೆಯ ಮೂಲೆಯಲ್ಲಿ ಜಾಗ ಕೊಟ್ಟರೆ, ಕೊಳಕು ನೀರಿನ ಸೊಳ್ಳೆ ಒಂದೇ ರಾತ್ರಿಯಲ್ಲಿ ಎರಡನ್ನೂ ಕಚ್ಚುತ್ತದೆ. ನಿಮ್ಮ ಹಳ್ಳಿಯಲ್ಲಿ ತಿಪ್ಪೆಯ ಪಕ್ಕದ ಬಚ್ಚಲು ಗುಂಡಿ ಮಾಡುವ ಕೆಲಸವೂ ಇದೇ.

ಗುರುತಿಸುವುದು ಹೇಗೆ?

ಕುದುರೆಯನ್ನು ನೆರಳಿಗೆ ತಂದು, ಬ್ಯಾಟರಿ ದೀಪವನ್ನು ಪಕ್ಕದಿಂದ ಹಿಡಿದು ಎರಡೂ ಕಣ್ಣುಗಳನ್ನು ಹೋಲಿಸಿ ನೋಡಿ. ಮೊದಲು ರೆಪ್ಪೆಗೂದಲನ್ನು ಗಮನಿಸಿ. ಆರೋಗ್ಯವಾದ ಕಣ್ಣಿನಲ್ಲಿ ಅದು ಹೊರಕ್ಕೆ ಚಾಚಿರುತ್ತದೆ. ನೋವಿರುವ ಕಣ್ಣಿನಲ್ಲಿ ನೆಲದ ಕಡೆಗೆ ಬಾಗಿರುತ್ತದೆ. ನೋವಿನ ಮೊದಲ ಸೂಚನೆ ಅನೇಕ ವೇಳೆ ಇದೇ.

ಕಣ್ಣೀರು ಸುರಿಸುವ ಎಲ್ಲ ಕಣ್ಣಿನಲ್ಲೂ ಹುಳು ಇರುವುದಿಲ್ಲ. ಮುಳ್ಳು, ಹುಲ್ಲಿನ ಕಡ್ಡಿ, ಚಾಟಿಯ ತುದಿ ತಾಗಿ ಕಣ್ಣಿನ ಮೇಲ್ಪದರದಲ್ಲಿ ಹುಣ್ಣಾಗಿರಬಹುದು. ಇನ್ನೊಂದು, ಬಿಟ್ಟು ಬಿಟ್ಟು ಮರುಕಳಿಸುವ ಒಳಗಣ್ಣಿನ ಉರಿಯೂತ. ಪ್ರಪಂಚದಲ್ಲೆಲ್ಲ ಕುದುರೆಗಳನ್ನು ಅತಿ ಹೆಚ್ಚಾಗಿ ಕುರುಡು ಮಾಡುವುದು ಇದೇ. ಇಲಿ ಮತ್ತು ದನಗಳ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೋಸ್ಪೈರಾ ರೋಗಾಣು ಇದಕ್ಕೆ ಒಂದು ಮುಖ್ಯ ಕಾರಣ. ನೊಣಗಳು ಹರಡುವ ಬೇರೊಂದು ಜಾತಿಯ ಹುಳುವೂ ಉಂಟು. ಅದು ಗುಡ್ಡೆಯ ಹೊರಗೆ, ರೆಪ್ಪೆಯ ಕೆಳಗೆ ಇರುತ್ತದೆ.

ಈ ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ. ಯಾವುದೆಂದು ನಿರ್ಧರಿಸಬೇಕಾದವರು ವೈದ್ಯರು. ನಿಮ್ಮ ಕೆಲಸ ಅದೇ ದಿನ ಅವರಿಗೆ ತೋರಿಸುವುದು.

ಚಿಕಿತ್ಸೆ

ಹುಳು ಒಳಗಿದ್ದರೆ ಅದನ್ನು ಹೊರತೆಗೆಯುವುದೇ ಸರಿಯಾದ ಮಾರ್ಗ. ವೈದ್ಯರು ಕುದುರೆಗೆ ಮಂಪರು ಬರುವ ಚುಚ್ಚುಮದ್ದು ಕೊಟ್ಟು, ರೆಪ್ಪೆ ಅಲುಗದಂತೆಯೂ ಕಣ್ಣಿಗೆ ನೋವು ತಿಳಿಯದಂತೆಯೂ ಮಾಡಿ, ಕಣ್ಣಿನ ಕಪ್ಪುಭಾಗದ ಅಂಚಿನಲ್ಲಿ ಸೂಜಿಯಿಂದ ಸಣ್ಣ ರಂಧ್ರ ಮಾಡುತ್ತಾರೆ. ಒಳಗಿನ ನೀರು ಚಿಮ್ಮಿ, ಅದರೊಂದಿಗೆ ಹುಳುವೂ ಹೊರಬರುತ್ತದೆ. ಹೊರಹೋದ ನೀರು ಕಣ್ಣಿನಲ್ಲಿ ತಾನಾಗಿಯೇ ಮತ್ತೆ ತುಂಬಿಕೊಳ್ಳುತ್ತದೆ. ನೋಡಲು ಭಯವಾದರೂ ಪಳಗಿದ ಕೈಗೆ ಇದು ಕಷ್ಟದ ಕೆಲಸವಲ್ಲ. ಬರೀ ಜಂತಿನ ಔಷಧಿ ಕೊಟ್ಟರೆ ಹುಳು ಒಳಗೇ ಸತ್ತು ಉರಿಯೂತ ಹೆಚ್ಚೀತು.

ನಿಮ್ಮ ಊರಿನ ಪಶುಚಿಕಿತ್ಸಾಲಯದಲ್ಲಿ ಸೌಕರ್ಯವಿಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ಸುತ್ತಲಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1958ರಲ್ಲಿ ಆರಂಭವಾದ ಈ ಕಾಲೇಜು ಇಂದು ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದೆ. ಕುದುರೆಯನ್ನು ವಾಹನದಲ್ಲಿ ಒಯ್ಯುವಾಗ ನೋವಿನ ಕಣ್ಣು ಗಾಳಿಗೆ ಒಡ್ಡದಂತೆ ನಿಲ್ಲಿಸಿ.

ಇವನ್ನು ಮಾಡಬೇಡಿ

ಹೊಗೆಸೊಪ್ಪಿನ ರಸ, ಸುಣ್ಣದ ತಿಳಿ, ಈರುಳ್ಳಿ ರಸ, ಅಗಿದ ಉಪ್ಪು ಇವುಗಳನ್ನು ಕಣ್ಣಿಗೆ ಹಾಕಬೇಡಿ. ಹುಳು ಸಾಯುವುದಿಲ್ಲ, ಕಣ್ಣು ಸುಡುತ್ತದೆ.

ಮನೆಯವರಿಗೆ ತಂದಿಟ್ಟ ಕಣ್ಣಿನ ಹನಿಗಳನ್ನು ಕುದುರೆಗೆ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ಹುಣ್ಣಿರುವ ಕಣ್ಣಿಗೆ ಅದು ಬಿದ್ದರೆ ಹುಣ್ಣು ಆಳವಾಗಿ ಗುಡ್ಡೆಯೇ ಒಡೆಯಬಹುದು. ಹುಣ್ಣು ಇದೆಯೇ ಇಲ್ಲವೇ ಎಂಬುದನ್ನು ವೈದ್ಯರು ಬಣ್ಣದ ಔಷಧಿ ಹಾಕಿ ನೋಡುತ್ತಾರೆ. ಹುಣ್ಣಿದ್ದಲ್ಲಿ ಅದು ಹಸಿರಾಗಿ ಕಾಣುತ್ತದೆ.

ವೈದ್ಯರು ಬರುವ ತನಕ ನೀವು ಮಾಡಬಹುದಾದದ್ದು ಇಷ್ಟೇ: ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ, ಶುದ್ಧವಾದ ಹತ್ತಿಯಿಂದ ಪಿಸುರನ್ನು ಮೆಲ್ಲಗೆ ಒರೆಸಿ. ಕತ್ತಲಾದ ಲಾಯದಲ್ಲಿ ಕಟ್ಟಿ. ಕಂಬಕ್ಕೆ ಕಣ್ಣು ಉಜ್ಜದಂತೆ ನೋಡಿಕೊಳ್ಳಿ. ಕಣ್ಣುಕಾಪು ಕಟ್ಟಬೇಡಿ, ಕೆಲಸಕ್ಕೆ ಹೂಡಬೇಡಿ.

ಚಿಕಿತ್ಸೆಯ ನಂತರ

ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ಔಷಧಿ ಹಾಕಿ. ಕಣ್ಣು ತಿಳಿಯಾಯಿತೆಂದು ನಡುವೆ ನಿಲ್ಲಿಸಬೇಡಿ. ಪಾಪೆ ಅರಳಿಸುವ ಅಟ್ರೋಪಿನ್ ಕೊಟ್ಟಿದ್ದರೆ ಲದ್ದಿಯನ್ನು ಗಮನಿಸುತ್ತಿರಿ. ಈ ಔಷಧಿ ಕರುಳಿನ ಚಲನೆಯನ್ನೂ ತಗ್ಗಿಸಬಲ್ಲದು. ಲದ್ದಿ ಕಡಿಮೆಯಾದರೆ, ಕುದುರೆ ಹೊಟ್ಟೆ ಕಡೆ ತಿರುಗಿ ನೋಡಿದರೆ ತಕ್ಷಣ ತಿಳಿಸಿ.

ದೃಷ್ಟಿ ಎಷ್ಟು ಉಳಿದಿದೆಯೆಂದು ಪರೀಕ್ಷಿಸಲು ಕೈ ಬೀಸಬೇಡಿ. ಗಾಳಿ ತಾಗಿಯೇ ರೆಪ್ಪೆ ಮಿಟುಕಿಸೀತು. ಕಣ್ಣಿನ ಮುಂದೆ ಹತ್ತಿಯ ಉಂಡೆ ಬೀಳಿಸಿ, ಕುದುರೆ ಅದನ್ನು ನೋಡುತ್ತದೆಯೇ ಗಮನಿಸಿ. ಒಂದು ಕಣ್ಣು ಹೋದ ಕುದುರೆಯನ್ನು ಬ್ಯಾಂಡು, ಪಟಾಕಿ, ಮಕ್ಕಳ ಗುಂಪಿರುವ ಮೆರವಣಿಗೆಗೆ ಕಳಿಸುವುದು ಸಲ್ಲದು. ಕಾಣದ ಕಡೆಯಿಂದ ಯಾರಾದರೂ ಮುಟ್ಟಿದರೆ ಅದು ಒದೆಯುತ್ತದೆ, ತಪ್ಪು ಅದರದಲ್ಲ. ಮನೆಯಲ್ಲಿ ಅದರ ಬಳಿ ಹೋಗುವಾಗ ಮೊದಲು ಮಾತಾಡಿಸಿ, ಆಮೇಲೆ ಮುಟ್ಟಿ. ನೀರಿನ ತೊಟ್ಟಿ, ಮೇವಿನ ಜಾಗ ಬದಲಿಸಬೇಡಿ.

ಮುಂಜಾಗ್ರತೆ

ದನದ ಕೊಟ್ಟಿಗೆಯಿಂದ ಕುದುರೆಯನ್ನು ಸಾಧ್ಯವಾದಷ್ಟು ದೂರ ಕಟ್ಟಿ. ಸಂಜೆಯಿಂದ ಬೆಳಗಿನವರೆಗೆ ಲಾಯಕ್ಕೆ ಸೊಳ್ಳೆ ಪರದೆ ಇಳಿಬಿಡಿ. ಮೊಟ್ಟೆ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ವಾರ, ಹತ್ತು ದಿನ ಸಾಕು. ಆದ್ದರಿಂದ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ. ಬಚ್ಚಲು ನೀರು ನಿಲ್ಲದಂತೆ ಕಾಲುವೆ ತೋಡಿ. ಬೇವಿನ ಸೊಪ್ಪಿನ ಹೊಗೆ ಹಾಕುವುದಾದರೆ ಕುದುರೆಯನ್ನು ಹೊರಗೆ ಕಟ್ಟಿ ಹಾಕಿ. ಹೊಗೆ ಕಣ್ಣಿಗೆ ಕೆಡುಕು. ಹುಳುಮರಿಗಳನ್ನು ಕೊಲ್ಲುವ ಔಷಧಿಯನ್ನು ದನಕ್ಕೂ ಕುದುರೆಗೂ ಯಾವಾಗ, ಎಷ್ಟು ಕೊಡಬೇಕೆಂದು ಮಳೆಗಾಲಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ.

ದೇಶದಲ್ಲಿ 2012ರ ಜಾನುವಾರು ಗಣತಿಯಂತೆ ಸುಮಾರು 6.25 ಲಕ್ಷ ಕುದುರೆ, ತಟ್ಟುಗಳಿದ್ದವು. 2019ರ ಗಣತಿಯಲ್ಲಿ ಸುಮಾರು 3.4 ಲಕ್ಷಕ್ಕೆ ಇಳಿದವು. ಕುದುರೆಗಳು ಕಡಿಮೆಯಾದಂತೆ ಅವುಗಳ ರೋಗ ಬಲ್ಲ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಕುದುರೆ ಸಾಕಿದವರೇ ಈ ತಿಳಿವಳಿಕೆಯನ್ನು ಉಳಿಸಿಕೊಳ್ಳಬೇಕು. ದಿನವೂ ಹುರುಳಿ ಇಡುವಾಗ ಎರಡು ನಿಮಿಷ ನಿಂತು ಎರಡೂ ಕಣ್ಣು ನೋಡುವ ಅಭ್ಯಾಸ ಮಾಡಿಕೊಳ್ಳಿ. ಇದಕ್ಕೆ ಕಾಸು ಖರ್ಚಿಲ್ಲ. ಹೋದ ಕಣ್ಣನ್ನು ಮಾತ್ರ ಎಷ್ಟು ಹಣ ಕೊಟ್ಟರೂ ತರಲಾಗದು.