ಅಜ್ಜಿಗೊಂದು ಬಟ್ಟಲು ಸೂಪು

ಕಳೆದ ತಿಂಗಳು ನನ್ನ ಹೆಂಡತಿಗೆ ಎರಡು ದವಡೆ ಹಲ್ಲು ಕೀಳಿಸಬೇಕಾಯಿತು. ‘ನಾಲ್ಕೈದು ದಿನ ಮೆತ್ತಗಿರುವುದನ್ನೇ ಕೊಡಿ. ತುಂಬಾ ಬಿಸಿ ಬೇಡ, ಖಾರವೂ ಬೇಡ’ ಎಂದರು ಡಾಕ್ಟರು. ಎರಡು ದಿನ ಗಂಜಿ ಕುಡಿದಳು. ಮೂರನೆಯ ದಿನ ಲೋಟ ಪಕ್ಕಕ್ಕೆ ಸರಿಸಿ, ‘ಇನ್ನು ಇದು ಇಳಿಯೋಲ್ಲ ರೀ’ ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿದ್ದವರು ನಾನು ಮತ್ತು ಆರನೇ ತರಗತಿಯ ಮೊಮ್ಮಗಳು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನು ನಾನು. ಅಡುಗೆಮನೆಯಲ್ಲಿ ಕಾಫಿ ಬಿಟ್ಟು ಬೇರೇನೂ ಮಾಡಿದವನಲ್ಲ. ಪುಟ್ಟಿಯೇ ದಾರಿ ತೋರಿಸಿದಳು: ‘ತಾತ, ಆಲೂಗಡ್ಡೆ ಸೂಪು ಮಾಡೋಣ. ಅಜ್ಜಿ ಅಗಿಯೋದೇ ಬೇಡ.’

ಆಲೂಗಡ್ಡೆ ಆರಿಸುವುದು ನನಗೆ ಗೊತ್ತಿತ್ತು. ಹಾಸನ ಜಿಲ್ಲೆಯ ಶಾಖೆಯಲ್ಲಿದ್ದಾಗ ಬೆಳೆಸಾಲಕ್ಕೆ ಬರುತ್ತಿದ್ದ ರೈತರೊಬ್ಬರು ಕಲಿಸಿದ ಪಾಠವದು: ಹಸಿರು ತಿರುಗಿದ, ಮೊಳಕೆ ಬಂದ ಗಡ್ಡೆ ಮುಟ್ಟಬೇಡಿ. ಬೆಳಕಿಗೆ ಬಿದ್ದ ಗಡ್ಡೆಯಲ್ಲಿ ಸೊಲನಿನ್ ಎಂಬ ಕಹಿ ವಿಷ ಹೆಚ್ಚುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಆಲೂಗಡ್ಡೆಯನ್ನು ಗಾಳಿಯಾಡುವ ಕತ್ತಲ ಜಾಗದಲ್ಲಿಡಬೇಕು.

ಬೇಯಿಸಿದೆವು, ನೀರು ಬಸಿದೆವು, ಆರಿಸಿ ಮಿಕ್ಸಿಗೆ ಹಾಕಿ ಎರಡು ನಿಮಿಷ ತಿರುಗಿಸಿದೆವು. ಮುಚ್ಚಳ ತೆಗೆದರೆ ಒಳಗೆ ಗೋಂದು! ಚಮಚ ಎತ್ತಿದರೆ ಎಳೆಎಳೆಯಾಗಿ ಬಂತು. ವೋಚರು ಅಂಟಿಸಲು ಬ್ಯಾಂಕಿನಲ್ಲಿ ನಮಗೆ ಕೊಡುತ್ತಿದ್ದುದು ಇದಕ್ಕಿಂತ ತೆಳ್ಳಗಿತ್ತು. ಪುಟ್ಟಿ ಪಾತ್ರೆಯನ್ನೇ ಒಯ್ದು ಅಜ್ಜಿಗೆ ತೋರಿಸಿದಳು. ಅವಳು ಕೆನ್ನೆ ಹಿಡಿದುಕೊಂಡು ನಕ್ಕಳು. ಮೂರು ದಿನದಲ್ಲಿ ಮೊದಲ ನಗು.

ನಿಧಾನವಾಗಿ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ‘ಮಿಕ್ಸಿ ಬೇಡ. ಮಸ್ಸೊಪ್ಪು ಮಸೆಯೋ ಕಡಗೋಲು ತಗೊಳ್ಳಿ’ ಎಂದಳು.

ಮಕ್ಕಳೇ, ಇದರ ಗುಟ್ಟು ಹೀಗಿದೆ. ಆಲೂಗಡ್ಡೆಯ ಜೀವಕೋಶಗಳ ತುಂಬ ಪಿಷ್ಟದ ಪುಟ್ಟ ಕಣಗಳಿರುತ್ತವೆ. ಬೇಯುವಾಗ ಅವು ನೀರು ಕುಡಿದು ಉಬ್ಬುತ್ತವೆ. ಮಿಕ್ಸಿಯ ಬ್ಲೇಡು ಕೋಶಗಳನ್ನು ಹರಿದು ಪಿಷ್ಟವನ್ನೆಲ್ಲ ಹೊರಗೆಳೆದರೆ ಅಂಟಾಗುತ್ತದೆ. ಕಡಗೋಲಿನಿಂದ ಮೆಲ್ಲಗೆ ಮಸೆದರೆ ಬೇಕಾದಷ್ಟೇ ಪಿಷ್ಟ ಬಿಟ್ಟುಕೊಂಡು ಸೂಪು ಕೆನೆಯಂತೆ ಗಟ್ಟಿಯಾಗುತ್ತದೆ. ಕೆನೆಯೂ ಬೇಡ, ಕಾರ್ನ್‌ಫ್ಲೋರೂ ಬೇಡ.

ಅವಳು ಹೇಳಿ, ನಾವು ಮಾಡಿದ ಲೆಕ್ಕ ಇದು. ಮೂರು ನಾಲ್ಕು ಜನಕ್ಕೆ ಸಾಕು.

ಮಧ್ಯಮ ಗಾತ್ರದ ಆಲೂಗಡ್ಡೆ 3, ಈರುಳ್ಳಿ 1, ಬೆಳ್ಳುಳ್ಳಿ 2 ಎಸಳು, ಬೆಣ್ಣೆ 1 ದೊಡ್ಡ ಚಮಚ, ನೀರು 2 ಲೋಟ, ಕಾಯಿಸಿದ ಹಾಲು 1 ಲೋಟ, ಉಪ್ಪು, ಕಾಳುಮೆಣಸಿನ ಪುಡಿ.

ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ, ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಕೆಂಪಾಗಬಾರದು. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿದ ಆಲೂಗಡ್ಡೆ, ಉಪ್ಪು, ನೀರು ಹಾಕಿ ಮುಚ್ಚಿ. ಇಪ್ಪತ್ತು ನಿಮಿಷದಲ್ಲಿ ಹೋಳು ಚಮಚ ತಾಗಿದರೆ ಮುರಿಯುವಂತಾಗುತ್ತದೆ. ಒಲೆ ಆರಿಸಿ, ಬೆಂದ ನೀರನ್ನು ಚೆಲ್ಲದೆ ಅದರಲ್ಲೇ ಮಸೆಯಿರಿ. ಹಾಲು ಬೆರೆಸಿ ಮತ್ತೆ ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸಿ. ಕೊತಕೊತ ಕುದಿಸಬೇಡಿ, ತಳ ಹಿಡಿಯುತ್ತದೆ. ಮೆಣಸಿನ ಪುಡಿ ಬಟ್ಟಲಿಗೆ ಬಡಿಸಿದ ಮೇಲೆ. ಮಕ್ಕಳು ಆಲೂಗಡ್ಡೆ ತೊಳೆಯಲಿ, ಸಿಪ್ಪೆ ತೆಗೆಯಲಿ. ಒಲೆಯ ಕೆಲಸಕ್ಕೆ ದೊಡ್ಡವರು ಪಕ್ಕದಲ್ಲಿರಲಿ.

ಅವಳ ಪಾಲಿಗೆ ಮೆಣಸು ಹಾಕಲಿಲ್ಲ. ಉಗುರುಬೆಚ್ಚಗಾಗುವ ತನಕ ಆರಿಸಿ ಬಟ್ಟಲನ್ನು ಕೈಗಿತ್ತೆ. ಮದುವೆಯಾಗಿ ನಲವತ್ತಾರು ವರ್ಷ. ನಾನು ಮಾಡಿದ್ದನ್ನು ಅವಳು ಕೂತು ಉಂಡದ್ದು ಅಂದೇ ಮೊದಲು ಎಂದು ಆಗ ಹೊಳೆಯಿತು. ತಲೆ ತಗ್ಗಿತು.

ಈ ನಲವತ್ತಾರು ವರ್ಷವೂ ಊಟಕ್ಕೆ ಕೂತ ನಾನು ಹೇಳುತ್ತಿದ್ದ ಮಾತು ಒಂದೇ. ಅಂದು ಬಟ್ಟಲು ಖಾಲಿ ಮಾಡಿ, ಇನ್ನಷ್ಟಕ್ಕೆ ಚಾಚುತ್ತಾ ಅವಳು ಅದನ್ನೇ ನನಗೆ ಹಿಂದಿರುಗಿಸಿದಳು:

‘ಚೆನ್ನಾಗಿದೆ. ಉಪ್ಪು ಒಂದು ಚೂರು ಕಡಿಮೆ.’