ಸ್ಕಿಜೋಫ್ರೇನಿಯಾ: ತಾಯಿಯ ತಪ್ಪಿನಿಂದ ಬರುವ ಕಾಯಿಲೆಯಲ್ಲ

ಮಗನನ್ನೋ ಮಗಳನ್ನೋ ಮಾನಸಿಕ ಚಿಕಿತ್ಸೆಗೆ ಕರೆತಂದ ತಾಯಂದಿರು, ಡಾಕ್ಟರ ಮುಂದೆ ಕೇಳಲಾಗದ ಒಂದು ಪ್ರಶ್ನೆಯನ್ನು ನರ್ಸ್ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಕೇಳುತ್ತಾರೆ. "ಸಿಸ್ಟರ್, ಇವನು ಹೊಟ್ಟೆಯಲ್ಲಿದ್ದಾಗ ನಾನೇನು ತಪ್ಪು ಮಾಡಿದೆ? ನನ್ನ ಸಾಕಣೆ ಸರಿಯಿರಲಿಲ್ಲವೇ?" ಈ ಲೇಖನ ಆ ಪ್ರಶ್ನೆಗೆ ಉತ್ತರ. ಈ ಉತ್ತರದ ಒಂದು ಭಾಗವನ್ನು ನಮಗೆ ತಿಳಿಸಿಕೊಟ್ಟದ್ದು ಇಲಿಗಳು ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಈ ಕಾಯಿಲೆ ಏನು?

ಸ್ಕಿಜೋಫ್ರೇನಿಯಾ ಮೆದುಳಿಗೆ ಸಂಬಂಧಿಸಿದ ಕಾಯಿಲೆ. ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುವುದು, ತನಗೆ ಯಾರೋ ಕೇಡು ಬಯಸುತ್ತಿದ್ದಾರೆಂಬ ಬಲವಾದ ಸಂಶಯ, ಮಾತು ಅಸಂಬದ್ಧವಾಗುವುದು, ಸ್ನಾನ ಊಟದಲ್ಲಿಯೂ ಆಸಕ್ತಿ ಇಲ್ಲದಿರುವುದು, ಮೂಲೆ ಹಿಡಿದು ಕೂರುವುದು ಇದರ ಮುಖ್ಯ ಲಕ್ಷಣಗಳು. ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹೆಚ್ಚಾಗಿ ಹದಿವಯಸ್ಸಿನ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ ಸ್ವಲ್ಪ ತಡವಾಗಿ ಕಾಣಿಸಿಕೊಳ್ಳುವುದೂ ಉಂಟು.

ಇಲ್ಲೇ ಮನೆಯವರಿಗೆ ಗೊಂದಲವಾಗುವುದು. "ಪಿಯುಸಿವರೆಗೂ ಚೆನ್ನಾಗಿಯೇ ಓದುತ್ತಿದ್ದ, ಇದ್ದಕ್ಕಿದ್ದಂತೆ ಹೀಗಾಯಿತು" ಎನ್ನುತ್ತಾರೆ. ಆಗ ಮಾಟ, ದೃಷ್ಟಿ, ಪರೀಕ್ಷೆಯಲ್ಲಿ ಫೇಲಾದದ್ದು, ಪ್ರೇಮ ಮುರಿದದ್ದು, ಹೀಗೆ ಒಂದೊಂದೇ ಕಾರಣ ಹುಡುಕುತ್ತಾರೆ. ಕೊನೆಗೆ ಬೆರಳು ತಾಯಿಯ ಕಡೆಗೇ ತಿರುಗುತ್ತದೆ. ಓದಿದವರೂ ಹೀಗೆ ಮಾಡಿದ್ದಾರೆ. 1948ರಲ್ಲಿ ಅಮೆರಿಕದಲ್ಲಿ ಫ್ರೀಡಾ ಫ್ರಾಮ್-ರೀಚ್‌ಮನ್ ಎಂಬ ಮನೋವೈದ್ಯೆ, ತಾಯಿಯ ನಡವಳಿಕೆಯೇ ಈ ಕಾಯಿಲೆ ತರುತ್ತದೆಂಬ ಅರ್ಥದ ಹೆಸರೊಂದನ್ನು ಬಳಕೆಗೆ ತಂದರು. ಆ ಮಾತಿನಿಂದ ಅನೇಕ ವರ್ಷ ಎಷ್ಟೋ ತಾಯಂದಿರು ನೊಂದರು. ಅದು ತಪ್ಪೆಂದು ಈಗ ವೈದ್ಯಶಾಸ್ತ್ರ ಒಪ್ಪಿಕೊಂಡಿದೆ.

ಮೆದುಳಿನ ರಾಸಾಯನಿಕಗಳು

ಮೆದುಳಿನ ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವುದು ಕೆಲವು ರಾಸಾಯನಿಕಗಳ ಮೂಲಕ. ಅವುಗಳಲ್ಲಿ ಡೋಪಮಿನ್ ಒಂದು. ಯಾವುದು ಮುಖ್ಯ, ಯಾವುದಕ್ಕೆ ಗಮನ ಕೊಡಬೇಕು ಎಂದು ತಿಳಿಸುವ ಕೆಲಸದಲ್ಲಿ ಅದರ ಪಾತ್ರ ದೊಡ್ಡದು. ಅದರ ಹತೋಟಿ ತಪ್ಪಿದರೆ ಬೀದಿಯಲ್ಲಿ ಯಾರೋ ನಕ್ಕದ್ದೂ "ನನ್ನನ್ನು ನೋಡಿಯೇ ನಕ್ಕರು" ಎಂದು ಅನಿಸತೊಡಗುತ್ತದೆ.

ಡೋಪಮಿನ್ ವಿಷಯ ತಿಳಿದದ್ದೂ ಪ್ರಾಣಿಗಳಿಂದಲೇ. ನಮ್ಮ ದೇಶದ ಸರ್ಪಗಂಧ ಗಿಡದ ಬೇರಿನಲ್ಲಿ ರೆಸರ್ಪಿನ್ ಎಂಬ ಔಷಧವಿದೆ. 1957ರಲ್ಲಿ ಸ್ವೀಡನ್ ದೇಶದ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಬಿದ್ದವು. ಡೋಪಮಿನ್ ಆಗಿ ಬದಲಾಗುವ ವಸ್ತುವನ್ನು ಕೊಟ್ಟಾಗ ಮತ್ತೆ ಎದ್ದು ಓಡಾಡಿದವು. ಮನೋರೋಗದ ಮಾತ್ರೆಗಳು ಡೋಪಮಿನ್ ಕೆಲಸಕ್ಕೆ ತಡೆಯೊಡ್ಡುತ್ತವೆ ಎಂಬ ತಿಳಿವಳಿಕೆಗೆ 1963ರಲ್ಲಿ ಅವರು ಸಣ್ಣ ಇಲಿಗಳ ಮೇಲೆ ಮಾಡಿದ ಪ್ರಯೋಗ ದಾರಿ ತೋರಿಸಿತು. 2000ದಲ್ಲಿ ಕಾರ್ಲ್‌ಸನ್ ಅವರಿಗೆ ನೊಬೆಲ್ ಬಹುಮಾನ ಬಂತು.

ಇಲಿಗಳು ಹೇಳಿಕೊಟ್ಟ ಪಾಠ

ಆದರೂ ಒಂದು ಪ್ರಶ್ನೆ ಉಳಿದಿತ್ತು. ಕಾಯಿಲೆ ಇಪ್ಪತ್ತನೇ ವಯಸ್ಸಿನವರೆಗೆ ಕಾಯುವುದೇಕೆ? ಮೆದುಳು ಬೆಳೆಯುವ ಮೊದಲ ಹಂತದಲ್ಲೇ ಎಲ್ಲೋ ಸಣ್ಣ ಏರುಪೇರಾಗಿ, ಅದು ಯೌವನದಲ್ಲಿ ಹೊರಬೀಳಬಹುದೆಂದು 1987ರಲ್ಲಿ ಅಮೆರಿಕದ ಡೇನಿಯಲ್ ವೈನ್‌ಬರ್ಗರ್ ಬರೆದರು. 1993ರಲ್ಲಿ ಬಾರ್ಬರಾ ಲಿಪ್ಸ್ಕಾ, ವೈನ್‌ಬರ್ಗರ್ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ಪರೀಕ್ಷಿಸಿ ನೋಡಿದರು.

ಹುಟ್ಟಿ 7 ದಿನವಾದ ಇಲಿಮರಿಗಳ ಮೆದುಳಿನಲ್ಲಿ ಹಿಪ್ಪೋಕ್ಯಾಂಪಸ್ ಎಂಬ ಭಾಗದ ಒಂದಿಷ್ಟು ಜೀವಕೋಶಗಳಿಗೆ ಅವರು ಹಾನಿ ಮಾಡಿದರು. ಮರಿಗಳು ತಾಯಿಯ ಬಳಿಯೇ ಬೆಳೆದವು. 35ನೇ ದಿನ, ಅಂದರೆ ಇಲಿಗೆ ಪ್ರಾಯ ಬರುವ ಮುಂಚೆ, ನೋಡಿದರೆ ಇವುಗಳಿಗೂ ಬೇರೆ ಇಲಿಗಳಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. 56ನೇ ದಿನ, ಪ್ರಾಯಕ್ಕೆ ಬಂದ ಮೇಲೆ, ಹೊಸ ಜಾಗದಲ್ಲಿ ಬಿಟ್ಟರೆ, ಗಾಬರಿಪಡಿಸಿದರೆ, ಇವು ಮಿತಿಮೀರಿ ಓಡಾಡತೊಡಗಿದವು. ಡೋಪಮಿನ್ ಹತೋಟಿ ತಪ್ಪಿದಾಗ ಇಲಿ ಹೀಗೇ ಮಾಡುತ್ತದೆ. ಪೆಟ್ಟು ಬಿದ್ದದ್ದು ಮೊದಲ ವಾರದಲ್ಲಿ, ತೋರಿದ್ದು ಯೌವನದಲ್ಲಿ. ಸಸಿಯಾಗಿದ್ದಾಗ ಬೇರಿಗೆ ಆದ ಪೆಟ್ಟು ಗಿಡ ಹೂಬಿಡುವ ಕಾಲದಲ್ಲಿ ತಿಳಿಯುವಂತೆ ಇದು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಲಿಗೆ ಸ್ಕಿಜೋಫ್ರೇನಿಯಾ ಬರುತ್ತದೆ ಎಂದು ಇದರ ಅರ್ಥವಲ್ಲ. ಅದಕ್ಕೆ ಧ್ವನಿ ಕೇಳಿಸುತ್ತದೆಯೇ ಎಂದು ನಾವು ವಿಚಾರಿಸಲಾರೆವು. ರೋಗಿಗಳ ಮೆದುಳಿನಲ್ಲಿ ಇದೇ ರೀತಿಯ ಗಾಯವಿರುತ್ತದೆಂದೂ ಅಲ್ಲ. ಮೊದಲ ದಿನಗಳ ಏರುಪೇರು ಅಡಗಿದ್ದು ತಡವಾಗಿ ಪ್ರಕಟವಾಗಲು ಸಾಧ್ಯ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ.

ಮನುಷ್ಯರಲ್ಲಿ ಆಧಾರವಿದೆಯೇ?

ಇದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ಜರ್ಮನ್ ಸೈನ್ಯ ತಡೆಯಿತು. ಜನರಿಗೆ ದಿನಕ್ಕೆ 1000 ಕ್ಯಾಲೊರಿಗಿಂತ ಕಡಿಮೆ ಪಡಿತರ ಸಿಗುತ್ತಿತ್ತು. ಆ ಬರಗಾಲ ತೀವ್ರವಾಗಿದ್ದಾಗ ಗರ್ಭದಲ್ಲಿ ಮೂಡಿದ ಮಕ್ಕಳು ದೊಡ್ಡವರಾದಾಗ ಅವರಲ್ಲಿ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಹೆಚ್ಚಿತ್ತೆಂದು 1990ರ ದಶಕದ ಅಧ್ಯಯನಗಳು ತೋರಿಸಿದವು. ಚೀನಾದಲ್ಲಿ 1959-61ರ ಕ್ಷಾಮದ ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಇದೇ ಬಗೆಯ ಫಲಿತಾಂಶ ಬಂತು.

ಇಲ್ಲಿ ಎರಡು ಸಂಗತಿ ಗಮನಿಸಿ. ಆ ತಾಯಂದಿರು ಹಸಿದದ್ದು ಅವರ ತಪ್ಪಿನಿಂದಲ್ಲ. ಎರಡನೆಯದಾಗಿ, ಅಷ್ಟು ಹಸಿವಿನಲ್ಲಿ ಹುಟ್ಟಿದವರಲ್ಲೂ ಬಹುಪಾಲು ಜನರಿಗೆ ಈ ಕಾಯಿಲೆ ಬರಲಿಲ್ಲ. ವಂಶವಾಹಿಗಳು, ಗರ್ಭಕಾಲದ ತೊಂದರೆ, ಹೆರಿಗೆಯ ತೊಡಕು, ಹದಿವಯಸ್ಸಿನ ಗಾಂಜಾ ಸೇವನೆ, ಜೀವನದ ಒತ್ತಡ, ಹೀಗೆ ಹಲವು ಎಳೆಗಳು ಸೇರಿ ಈ ಕಾಯಿಲೆಯಾಗುತ್ತದೆ. ಒಂದೇ ಬಗೆಯ ವಂಶವಾಹಿಗಳಿರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬಂದೇ ತೀರಬೇಕೆಂದಿಲ್ಲ. ನಿಮ್ಮ ಮಗುವಿನಲ್ಲಿ ಯಾವ ಎಳೆ ಎಷ್ಟಿತ್ತೆಂದು ಯಾವ ಪರೀಕ್ಷೆಯೂ ಹೇಳಲಾರದು. ಆದ್ದರಿಂದ ಆ ದಿನ ತಿಂದದ್ದು, ಬಿಟ್ಟದ್ದು, ಅತ್ತದ್ದು ಎಲ್ಲವನ್ನೂ ನೆನೆದು ನಿಮ್ಮನ್ನು ನೀವೇ ದಂಡಿಸಿಕೊಳ್ಳಬೇಡಿ.

ಹಾಗಾದರೆ ಹುಟ್ಟಿನಲ್ಲೇ ಎಲ್ಲ ಮುಗಿಯಿತೇ?

ಇಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆಂಥೊನಿ ಗ್ರೇಸ್ ಮತ್ತು ಸಂಗಡಿಗರು ಗರ್ಭದಲ್ಲೇ ಮೆದುಳಿನ ಬೆಳವಣಿಗೆ ಏರುಪೇರಾದ ಇಲಿಗಳನ್ನು ತೆಗೆದುಕೊಂಡರು. ಪ್ರಾಯಕ್ಕೆ ಬರುವ ಹೊತ್ತಿನಲ್ಲಿ ಅವುಗಳ ಆತಂಕ ತಗ್ಗಿಸಲು ಕೆಲವು ದಿನ ಡಯಾಜೆಪಾಮ್ ಕೊಟ್ಟರು. ದೊಡ್ಡವಾದ ಮೇಲೆ ಅವುಗಳ ಡೋಪಮಿನ್ ಹತೋಟಿ ತಪ್ಪಲಿಲ್ಲ ಎಂದು 2013ರಲ್ಲಿ ವರದಿ ಮಾಡಿದರು. ಇದು ಇಲಿಗಳ ವಿಷಯ. ಮಕ್ಕಳಿಗೆ ನೀವಾಗಿಯೇ ಇಂಥ ಮಾತ್ರೆ ಖಂಡಿತ ಕೊಡಬಾರದು. ಆದರೆ ಆರಂಭದಲ್ಲಿ ಏರುಪೇರಾದರೂ ಮುಂದಿನ ದಾರಿ ಬದಲಾಗಬಹುದು ಎಂಬ ಭರವಸೆ ಇದರಲ್ಲಿದೆ.

ನೀವು ಮಾಡಬೇಕಾದದ್ದು

1. ಮಗ ಅಥವಾ ಮಗಳು ಒಬ್ಬರೇ ಮಾತಾಡಿಕೊಳ್ಳುವುದು, ಅತಿ ಸಂಶಯ, ನಿದ್ದೆಗೆಡುವುದು, ಓದು ಕೆಲಸದಲ್ಲಿ ಕಾರಣವಿಲ್ಲದೆ ಹಿಂದೆ ಬೀಳುವುದು ಕಂಡರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ನಿಧಾನ.

2. ಗುಣವಾಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸಲು ಇದು ಮುಖ್ಯ ಕಾರಣ. ಕೈನಡುಕ, ತೂಕ ಹೆಚ್ಚಾಗುವುದು, ಅತಿ ನಿದ್ದೆ ಇದ್ದರೆ ಡಾಕ್ಟರಿಗೆ ತಿಳಿಸಿ. ಅವರು ಪ್ರಮಾಣ ಅಥವಾ ಮಾತ್ರೆ ಬದಲಿಸುತ್ತಾರೆ.

3. ಮನೆಯಲ್ಲಿ ಬೈಗುಳ, ಚುಚ್ಚುಮಾತು ಬೇಡ. "ಸೋಮಾರಿ" ಎನ್ನಬೇಡಿ. ಚಿಕ್ಕ ಚಿಕ್ಕ ಕೆಲಸ ವಹಿಸಿ, ಮಾಡಿದಾಗ ಮೆಚ್ಚಿಕೊಳ್ಳಿ.

4. ಗಾಂಜಾ, ಮದ್ಯದಿಂದ ದೂರವಿಡಿ.

5. ಮನೆಯಲ್ಲಿ ಗರ್ಭಿಣಿ ಇದ್ದರೆ ಹೊಟ್ಟೆತುಂಬ ಊಟ, ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ, ಜ್ವರ ಬಂದರೆ ಕೂಡಲೇ ಚಿಕಿತ್ಸೆ, ಆಸ್ಪತ್ರೆಯಲ್ಲೇ ಹೆರಿಗೆ. ಇದು ಅವಳೊಬ್ಬಳ ಹೊಣೆಯಲ್ಲ, ಇಡೀ ಮನೆಯ ಹೊಣೆ. ಆಕೆ ಮೊದಲಿನಿಂದ ಮನೋರೋಗದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಬಿಡಬಾರದು.

6. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಕ್ಕರೆ ಕಾಯಿಲೆ ಬಂದ ಮಗನ ತಾಯಿಯನ್ನು ಯಾರೂ ದೂರುವುದಿಲ್ಲ. ಈ ಕಾಯಿಲೆಗೂ ಅದೇ ನ್ಯಾಯ ಇರಲಿ. ಮುಂದಿನ ಸಲ ಮನೆಯಲ್ಲಿ ಯಾರಾದರೂ "ನಿನ್ನಿಂದಲೇ ಹೀಗಾಯಿತು" ಎಂದರೆ ಈ ಹಾಳೆಯನ್ನು ಅವರಿಗೆ ಓದಲು ಕೊಡಿ. ಹಾಗೆಯೇ ಸಂಜೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುವುದನ್ನು ಮರೆಯದಿರಿ.