ಒಂದೇ ಆಟದ ಎರಡು ಪಾಠಗಳು: ‘ಏಜ್ ಆಫ್ ಎಂಪೈರ್ಸ್’ ಕಂಪ್ಯೂಟರಿನಲ್ಲಿ ಮತ್ತು ಕನ್ಸೋಲಿನಲ್ಲಿ

ಪ್ರಾಚೀನ ಗ್ರಂಥವೊಂದನ್ನು ಸಂಪಾದಿಸಲು ಹೊರಟ ವಿದ್ವಾಂಸನು ಮೊದಲು ಕೇಳುವ ಪ್ರಶ್ನೆ, ಈ ಕೃತಿಯ ಪ್ರತಿಗಳೆಷ್ಟು, ಅವುಗಳೊಳಗಣ ಪಾಠಾಂತರಗಳು ಯಾವುವು ಎಂಬುದು. ಒಂದು ಓಲೆಪ್ರತಿಯಲ್ಲಿರುವ ಪದ್ಯ ಮತ್ತೊಂದರಲ್ಲಿ ಇಲ್ಲದಿರಬಹುದು. ಒಂದರಲ್ಲಿ ಲಿಪಿಕಾರನು ಬಿಟ್ಟುದನ್ನು ಇನ್ನೊಂದರಲ್ಲಿ ಬೇರೊಬ್ಬನು ತುಂಬಿರಬಹುದು. ಹೆಸರು ಒಂದೇ ಎಂಬ ಮಾತ್ರಕ್ಕೆ ಎರಡು ಪ್ರತಿಗಳನ್ನು ಒಂದೆಂದು ಭಾವಿಸುವುದು ಶಾಸ್ತ್ರಸಮ್ಮತವಲ್ಲ. ಇದೇ ವಿವೇಚನೆಯನ್ನು ವಿಡಿಯೋ ಆಟಗಳಿಗೂ ಅನ್ವಯಿಸಬೇಕಾದ ಕಾಲ ಈಗ ಬಂದಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಇತಿಹಾಸದ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮಧ್ಯಯುಗದ ಕೋಟೆಯನ್ನೂ ಆನೆಪಡೆಯನ್ನೂ ಪಠ್ಯಪುಸ್ತಕದ ಪುಟಕ್ಕಿಂತ ಮೊದಲು ಆಟದ ತೆರೆಯ ಮೇಲೆ ಕಂಡಿರುತ್ತಾರೆ. ಹೀಗಿರಲು ಆ ಆಟವೂ ಒಂದು ಬಗೆಯ ಇತಿಹಾಸಕಥನವೇ ಸರಿ. ಅದನ್ನು ವಿಮರ್ಶಿಸುವವರು ಯಾವ ಪಾಠವನ್ನು ವಿಮರ್ಶಿಸುತ್ತಿದ್ದೇವೆಂಬುದನ್ನು ಅರಿತಿರಬೇಕು.

ಪ್ರಕೃತ ಲೇಖನದಲ್ಲಿ ‘ಏಜ್ ಆಫ್ ಎಂಪೈರ್ಸ್’ ಮಾಲೆಯ ಎರಡನೆಯ ಆಟವನ್ನು ಉದಾಹರಣೆಯಾಗಿ ತೆಗೆದುಕೊಂಡು, ಅದರ ಕಂಪ್ಯೂಟರ್ ಪಾಠವನ್ನೂ ಕನ್ಸೋಲ್ ಪಾಠವನ್ನೂ ಹೋಲಿಸಲಾಗಿದೆ. ಚಿತ್ರದ ಸೊಗಸು ಮತ್ತು ಧ್ವನಿಯ ಸ್ಪಷ್ಟತೆಗಳಲ್ಲಿ ಈ ಎರಡಕ್ಕೂ ಇರುವ ಅಂತರ ಇಂದು ಅಲ್ಪ. ನಿಜವಾದ ಅಂತರವಿರುವುದು ಆಟಗಾರನ ಕೈಗೆ ಯಾವ ಅಧಿಕಾರ ದೊರೆಯುತ್ತದೆ ಎಂಬುದರಲ್ಲಿ. ಆ ಅಂತರವು ನಮ್ಮ ಪ್ರಾಂತದ ಇತಿಹಾಸದ ಬೋಧನೆಗೆ ನೇರವಾಗಿ ಸಂಬಂಧಿಸಿದ್ದೆಂಬುದನ್ನು ತೋರಿಸುವುದೇ ಇಲ್ಲಿನ ಉದ್ದೇಶ.

ಎರಡು ಯಂತ್ರಗಳ ಸ್ವರೂಪ

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಕಂಪ್ಯೂಟರು ಬಹೂಪಯೋಗಿ ಯಂತ್ರ. ಪತ್ರ ಬರೆಯುವುದಕ್ಕೂ ಲೆಕ್ಕವಿಡುವುದಕ್ಕೂ ಆಟಕ್ಕೂ ಅದು ಒದಗುತ್ತದೆ. ಕೀಲಿಮಣೆ ಮತ್ತು ಮೌಸುಗಳು ಅದರ ಕೈಕಾಲುಗಳು. ಅದರ ಬಿಡಿಭಾಗಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಭಿನ್ನ. ಆದುದರಿಂದ ಒಂದೇ ಆಟ ಒಂದರಲ್ಲಿ ಸರಾಗವಾಗಿ ಸಾಗಿ ಮತ್ತೊಂದರಲ್ಲಿ ಕುಂಟಬಹುದು. ಕನ್ಸೋಲಾದರೋ ಮುಖ್ಯವಾಗಿ ಆಟಕ್ಕಾಗಿಯೇ ನಿರ್ಮಿತವಾದ ಪೆಟ್ಟಿಗೆ. ಅದನ್ನು ದೂರದರ್ಶನದ ಪರದೆಗೆ ಜೋಡಿಸಿ, ಎರಡು ಕೈಗಳಲ್ಲಿ ಹಿಡಿಯುವ ಗೇಮ್‌ಪ್ಯಾಡಿನಿಂದ ಆಡುತ್ತಾರೆ. ಒಂದು ಮಾದರಿಯ ಕನ್ಸೋಲುಗಳೆಲ್ಲವೂ ಒಳಗೆ ಒಂದೇ ಬಗೆಯವಾದ್ದರಿಂದ, ನಿರ್ಮಾಪಕರು ಒಂದರ ಮೇಲೆ ಪರೀಕ್ಷಿಸಿದ ಆಟ ಎಲ್ಲವುಗಳ ಮೇಲೂ ಸಮಾನವಾಗಿ ನಡೆಯುತ್ತದೆ. ಇದು ಕನ್ಸೋಲಿನ ದೊಡ್ಡ ಗುಣ. ಕಂಪ್ಯೂಟರಿನಲ್ಲಿ ಆಟವನ್ನು ಅಳವಡಿಸಲು ಹೆಣಗುವವರಿಗೆ ಇದರ ಬೆಲೆ ಗೊತ್ತು.

ಪಾಠಗಳ ಪರಂಪರೆ

ಈ ಆಟದ ಮೂಲಪ್ರತಿ ಹೊರಬಂದದ್ದು 1999ರ ಸೆಪ್ಟೆಂಬರ್ ಮಾಸದಲ್ಲಿ, ಕಂಪ್ಯೂಟರಿಗಾಗಿ. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಎಂಬ ಸಂಸ್ಥೆ ಅದನ್ನು ರಚಿಸಿತು, ಮೈಕ್ರೋಸಾಫ್ಟ್ ಪ್ರಕಟಿಸಿತು. 2001ರಲ್ಲಿ ಜಪಾನಿನ ಕೊನಾಮಿ ಸಂಸ್ಥೆಯು ಅದನ್ನು ಪ್ಲೇಸ್ಟೇಷನ್ 2 ಎಂಬ ಕನ್ಸೋಲಿಗೆ ತಂದಿತು. 2006ರಲ್ಲಿ ನಿಂಟೆಂಡೋ ಡಿಎಸ್ ಎಂಬ ಕೈಯಂತ್ರಕ್ಕಾಗಿ ‘ದಿ ಏಜ್ ಆಫ್ ಕಿಂಗ್ಸ್’ ಎಂಬ ಹೆಸರಿನಲ್ಲಿಯೇ ಒಂದು ಆಟ ಬಂದಿತು. ಆದರೆ ಮೂಲದಲ್ಲಿ ಉಭಯಪಕ್ಷಗಳೂ ಏಕಕಾಲದಲ್ಲಿ ನಡೆ ನಡೆಸುತ್ತಿದ್ದರೆ, ಇಲ್ಲಿ ಚದುರಂಗದಂತೆ ಒಬ್ಬರಾದ ಮೇಲೆ ಒಬ್ಬರು ಸರದಿಯಿಂದ ಆಡಬೇಕು. ಇದನ್ನು ಪಾಠಾಂತರವೆನ್ನುವುದಕ್ಕಿಂತ, ಕಥಾವಸ್ತುವನ್ನು ಉಳಿಸಿಕೊಂಡು ಛಂದಸ್ಸನ್ನೇ ಬದಲಿಸಿದ ಬೇರೊಂದು ಕೃತಿಯೆನ್ನುವುದು ಯುಕ್ತ.

ಮುಂದೆ 2013ರಲ್ಲಿ ಮೂಲದ ಪರಿಷ್ಕೃತ ರೂಪ, 2019ರ ನವೆಂಬರಿನಲ್ಲಿ ‘ಡೆಫಿನಿಟಿವ್ ಎಡಿಷನ್’ ಎಂಬ ಸಂಪೂರ್ಣ ನವೀಕೃತ ರೂಪ ಕಂಪ್ಯೂಟರಿಗೆ ಬಂದುವು. ಈ ಕೊನೆಯದೇ 2023ರ ಜನವರಿ 31ರಂದು ಎಕ್ಸ್‌ಬಾಕ್ಸ್ ಕನ್ಸೋಲಿಗೂ, 2025ರಲ್ಲಿ ಪ್ಲೇಸ್ಟೇಷನ್ 5ಕ್ಕೂ ತಲುಪಿತು. ಆದಕಾರಣ ಇಂದು ಹೋಲಿಸಬೇಕಾದುದು ಈ ನವೀಕೃತ ರೂಪದ ಎರಡು ಶಾಖೆಗಳನ್ನು.

ಕೈಯ ಭೇದ

ಆಟದ ಬೆನ್ನೆಲುಬು ದುಡಿಮೆ. ಧಾನ್ಯ, ಮರ, ಹೊನ್ನು, ಕಲ್ಲು ಎಂಬ ನಾಲ್ಕು ಸಂಪತ್ತುಗಳನ್ನು ಹಳ್ಳಿಗರು ದುಡಿದು ತರಬೇಕು. ಅದರಿಂದ ಊರು, ಊರಿನಿಂದ ಸೇನೆ. ಕಂಪ್ಯೂಟರಿನ ಮುಂದೆ ಕುಳಿತವನು ಮೌಸಿನಿಂದ ಒಬ್ಬೊಬ್ಬ ಹಳ್ಳಿಗನನ್ನೂ ಆರಿಸಿ, ನೀನು ಮರ ಕಡಿ, ನೀನು ಹೊಲ ಉಳು ಎಂದು ವಿಧಿಸುತ್ತಾನೆ. ಮೌಸಿನ ಸೂಚಕವು ತೆರೆಯ ಯಾವ ಬಿಂದುವಿಗಾದರೂ ಕ್ಷಣಾರ್ಧದಲ್ಲಿ ಹಾರಬಲ್ಲುದು. ಕೀಲಿಮಣೆಯ ಒಂದೊಂದು ಕೀಲಿಗೂ ಒಂದೊಂದು ಆಜ್ಞೆಯನ್ನು ಕಟ್ಟಿಡಬಹುದು. ಗೇಮ್‌ಪ್ಯಾಡಿನಲ್ಲಿರುವ ಗುಂಡಿಗಳು ಕೆಲವೇ. ಸೂಚಕವನ್ನು ಹೆಬ್ಬೆರಳಿನಿಂದ ತಳ್ಳಿಕೊಂಡು ಹೋಗಬೇಕು. ಈ ಕೊರತೆಯನ್ನು ನೀಗಲೆಂದು ಎಕ್ಸ್‌ಬಾಕ್ಸಿನ ಪಾಠದಲ್ಲಿ ಗೇಮ್‌ಪ್ಯಾಡಿಗಾಗಿಯೇ ಹೊಸ ಪ್ರಾಥಮಿಕ ಶಿಕ್ಷಣವನ್ನೂ, ಸಂಪತ್ತಿನ ನಿರ್ವಹಣೆಯಲ್ಲಿ ಯಂತ್ರದ ನೆರವನ್ನೂ ಒದಗಿಸಿದರು. ಆಟಗಾರನು ಆ ನೆರವನ್ನು ಒಪ್ಪಿಕೊಂಡಲ್ಲಿ, ಯಾರು ಯಾವ ದುಡಿಮೆಗೆ ಹೋಗಬೇಕೆಂಬ ಚಿಂತೆಯ ಬಹುಭಾಗವನ್ನು ಯಂತ್ರವೇ ವಹಿಸಿಕೊಳ್ಳುತ್ತದೆ.

ಇದು ಕೇವಲ ಸೌಕರ್ಯದ ಮಾತೆಂದು ತೋರಬಹುದು. ಇತಿಹಾಸದ ಅಧ್ಯಾಪಕನಿಗೆ ಹಾಗಲ್ಲ. ಮೊದಲನೆಯ ಪಾಠದಲ್ಲಿ ರಾಜ್ಯವೆಂಬುದು ಬೇಸಾಯಗಾರನ ಬೆವರಿನ ಮೇಲೆ ನಿಂತಿದೆಯೆಂಬ ಅರಿವು ಆಟಗಾರನಿಗೆ ನಿಮಿಷನಿಮಿಷಕ್ಕೂ ಬರುತ್ತದೆ. ಹತ್ತು ಹಳ್ಳಿಗರು ಕೆಲಸವಿಲ್ಲದೆ ನಿಂತರೆ ಸೇನೆಯೂ ನಿಲ್ಲುತ್ತದೆ. ಎರಡನೆಯದರಲ್ಲಿ ಆ ದುಡಿಮೆ ಹಿನ್ನೆಲೆಗೆ ಸರಿದು, ರಾಜನೂ ರಣರಂಗವೂ ಮುಂದೆ ಬರುತ್ತವೆ. ಕಂದಾಯದ ಕಡತಗಳನ್ನು ಓದಿ ಬರೆದ ಇತಿಹಾಸಕ್ಕೂ ಪ್ರಶಸ್ತಿಗಳನ್ನು ಮಾತ್ರ ಓದಿ ಬರೆದ ಇತಿಹಾಸಕ್ಕೂ ಇರುವಂಥದೇ ಅಂತರವಿದು. ಎಕ್ಸ್‌ಬಾಕ್ಸಿಗೆ ಕೀಲಿಮಣೆ-ಮೌಸುಗಳನ್ನು ಜೋಡಿಸಿಯೂ ಆಡಲು ಅವಕಾಶವಿದೆಯೆಂಬುದನ್ನು ಇಲ್ಲಿ ಹೇಳಬೇಕು. ಹಾಗೆ ಆಡುವವನಿಗೆ ಈ ಭೇದ ಬಹಳಮಟ್ಟಿಗೆ ಅಳಿಯುತ್ತದೆ. ಹಾಗಾದರೆ ಈ ಭೇದ ಹುಟ್ಟುವುದು ಯಂತ್ರದಿಂದಲ್ಲ, ಕೈಯಲ್ಲಿರುವ ಉಪಕರಣದಿಂದ ಎಂದಾಯಿತು.

ಆಟದೊಳಗಿನ ನಮ್ಮ ನಾಡು

ಇನ್ನು ಆಟದ ವಸ್ತುವಿನ ವಿಚಾರ. 2013ರಲ್ಲಿ ಈ ಆಟಕ್ಕೆ ‘ಇಂಡಿಯನ್ಸ್’ ಎಂಬ ಒಂದೇ ನಾಗರಿಕತೆಯಾಗಿ ಭಾರತ ಸೇರಿತು. 2022ರ ಏಪ್ರಿಲಿನಲ್ಲಿ ಬಂದ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಅನುಬಂಧವು ಅದನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂಬ ನಾಲ್ಕು ಮಾಡಿತು. ದಕ್ಷಿಣಕ್ಕೆ ದೊರೆತದ್ದು ದ್ರಾವಿಡ ಎಂಬ ಒಂದೇ ಹೆಸರು. ಅದರ ಕಥಾಸರಣಿಯ ನಾಯಕ ಚೋಳ ರಾಜೇಂದ್ರ. ಕಲ್ಯಾಣದ ಚಾಲುಕ್ಯರಿಗಾಗಲಿ ಹೊಯ್ಸಳರಿಗಾಗಲಿ ವಿಜಯನಗರಕ್ಕಾಗಲಿ ಪ್ರತ್ಯೇಕ ಸ್ಥಾನವಿಲ್ಲ. 11ನೆಯ ಶತಮಾನದಲ್ಲಿ ತುಂಗಭದ್ರೆಯ ಆಸುಪಾಸಿನಲ್ಲಿ ಮತ್ತೆ ಮತ್ತೆ ಹೋರಾಡಿದ ಚೋಳ-ಚಾಲುಕ್ಯರು ಆಟದಲ್ಲಿ ಒಂದೇ ಗುಂಪಿನವರಾಗುತ್ತಾರೆ. ದ್ರಾವಿಡರಿಗೆ ಪದಾತಿಬಲ, ನೌಕಾಬಲಗಳು ಪ್ರಧಾನ. ಭಾರಿ ಕವಚದ ಅಶ್ವಾರೋಹಿಗಳಿಲ್ಲ. ಚೋಳರ ನೌಕಾಯಾನವನ್ನು ನೆನೆದರೆ ಇದು ಸರಿ. ಅರಬ್ಬೀ ಮತ್ತು ಪಾರಸೀಕ ಕುದುರೆಗಳನ್ನು ಪಶ್ಚಿಮ ತೀರದ ಬಂದರುಗಳ ಮೂಲಕ ತರಿಸಲು ಅಪಾರ ಧನವನ್ನು ವೆಚ್ಚಮಾಡಿದ ವಿಜಯನಗರವನ್ನು ನೆನೆದರೆ ಸರಿಯಲ್ಲ.

ಇದಕ್ಕಿಂತ ಗಹನವಾದ ಲೋಪ ನೀರಿನದು. ಆಟದಲ್ಲಿ ಹೊಲವೊಂದನ್ನು ಮಾಡಲು ಬೇಕಾದುದು 60 ಅಳತೆಯ ಮರ ಮಾತ್ರ. ಮಳೆ, ಕೆರೆ, ಕಾಲುವೆಗಳ ಪ್ರಸ್ತಾಪವೇ ಇಲ್ಲ. ನೀರಿರುವುದು ಮೀನಿಗಾಗಿ, ಹಡಗಿಗಾಗಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತವನಿಗೆ, ಶಾಂತಿಸಾಗರವೆಂದೂ ಹೆಸರಾದ ಆ ಜಲರಾಶಿಯ ಕೆಳಗೆ ಹರಡಿದ ಗದ್ದೆತೋಟಗಳನ್ನು ಕಂಡವನಿಗೆ, ಇದು ಅತಿ ವಿಚಿತ್ರವಾಗಿ ತೋರುವುದು ಸಹಜ. ತುಂಗಭದ್ರೆಯ ದಡದ ಹೊನ್ನಾಳಿಗೂ ಮಳೆಯನ್ನೇ ನಂಬಿದ ಜಗಳೂರಿಗೂ ಇರುವ ಅಂತರವನ್ನು ಈ ಆಟ ಅರಿಯದು.

ಆದರೂ ಅಲ್ಲಲ್ಲಿ ಆಕಸ್ಮಿಕವಾದ ಹೊಳಹುಗಳುಂಟು. ಆಟದಲ್ಲಿ ಕಾವಲಿಲ್ಲದ ಕುರಿಯ ಬಳಿಗೆ ಎದುರಾಳಿಯ ಭಟನು ಸುಳಿದರೆ ಅದು ಅವನದಾಗುತ್ತದೆ. ತುರುಗೋಳಿನ ವೀರಗಲ್ಲುಗಳನ್ನು ಓದಿದ ವಿದ್ಯಾರ್ಥಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ, ಇಂದು ನ್ಯಾಮತಿ ತಾಲ್ಲೂಕಿಗೆ ಸೇರಿದ ಬೆಳಗುತ್ತಿಯ ಸಿಂದರ ವೃತ್ತಾಂತವೂ ಅಲ್ಲಿ ದೊರೆಯುತ್ತದೆ. ಆಟದ ಈ ಒಂದು ನಿಯಮವನ್ನು ಆ ಶಾಸನಗಳ ಪಕ್ಕದಲ್ಲಿಟ್ಟು ಬೋಧಿಸಬಹುದು.

ರಚನಾಸಾಧನ: ನಿರ್ಣಾಯಕ ಪಾಠಾಂತರ

ಇಂಥ ಲೋಪಗಳು ಎರಡು ಪಾಠಗಳಲ್ಲಿಯೂ ಸಮಾನ. ಆದರೆ ತಿದ್ದುವ ಅಧಿಕಾರ ಸಮಾನವಲ್ಲ. ಕಂಪ್ಯೂಟರ್ ಪಾಠದಲ್ಲಿ 1999ರಿಂದಲೂ ಸನ್ನಿವೇಶ ರಚನಾಸಾಧನವೊಂದು ಅಡಕವಾಗಿದೆ. ಆಟಗಾರನು ಅದರಿಂದ ಬರಿಯ ನೆಲದ ಮೇಲೆ ಬೆಟ್ಟ, ಹೊಳೆ, ಕಾಡು, ಕೋಟೆಗಳನ್ನು ತನ್ನ ಇಷ್ಟದಂತೆ ಚಿತ್ರಿಸಬಹುದು. ಅಷ್ಟೇ ಅಲ್ಲದೆ, ಇಂಥದು ನಡೆದರೆ ಇಂಥದಾಗಲಿ ಎಂಬ ನಿಬಂಧನೆಗಳನ್ನೂ ಹೂಡಬಹುದು. 2023ರಲ್ಲಿ ಆಟ ಎಕ್ಸ್‌ಬಾಕ್ಸಿಗೆ ಬಂದಾಗ ಈ ಸಾಧನ ಅದರೊಡನೆ ಬರಲಿಲ್ಲ.

ಈ ಸಾಧನದ ಮಹತ್ವ ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ವಿದ್ಯಾರ್ಥಿಗಳು ನಮ್ಮ ನಾಲ್ಕು ತಾಲ್ಲೂಕುಗಳ ಒಂದು ನಕ್ಷೆಯನ್ನು ರಚಿಸುವರೆನ್ನೋಣ. ಒಂದು ಪಾರ್ಶ್ವದಲ್ಲಿ ಹೊನ್ನಾಳಿಯ ಹೊಳೆ. ಮತ್ತೊಂದರಲ್ಲಿ ಚನ್ನಗಿರಿಯ ಗುಡ್ಡದ ಕೋಟೆ. ನಡುವೆ ದೊಡ್ಡ ಕೆರೆ. ದೂರದಲ್ಲಿ ಜಗಳೂರಿನ ಒಣನೆಲ ಮತ್ತು ರಂಗಯ್ಯನದುರ್ಗದ ಕುರುಚಲು ಕಾಡು. ಕೆರೆಯ ಏರಿಯನ್ನು ಗೋಡೆಯ ರೂಪದಲ್ಲಿ ಕಟ್ಟಿ, ಆ ಗೋಡೆ ಒಡೆದರೆ ಅದರ ಕೆಳಗಿನ ಹೊಲಗಳೆಲ್ಲ ಇಲ್ಲವಾಗಲಿ ಎಂದು ನಿಬಂಧನೆ ಹೂಡಿದರೆ, ಮೂಲದಲ್ಲಿಲ್ಲದ ಕೆರೆ ಆಟದೊಳಕ್ಕೆ ಬಂದಂತಾಯಿತು. ಇಂತಿಷ್ಟು ಕಾಲಕ್ಕೊಮ್ಮೆ ಒಣನೆಲದ ಹೊಲಗಳು ಹಾಳಾಗಲಿ ಎಂದರೆ ಬರವೂ ಬಂದಿತು. ಈಗ ಏರಿಯನ್ನು ಕಾಯುವುದು ಕೋಟೆಯನ್ನು ಕಾಯುವುದಕ್ಕಿಂತ ಮುಖ್ಯವಾಗುತ್ತದೆ. ಕೆರೆಯ ಏರಿ ತೂಬುಗಳ ದುರಸ್ತಿಗಾಗಿ ಹಿಂದಿನವರು ದತ್ತಿ ಬಿಟ್ಟು ಶಾಸನ ಬರೆಸಿದುದೇಕೆ ಎಂಬ ಪ್ರಶ್ನೆಗೆ ವಿದ್ಯಾರ್ಥಿಯು ಉತ್ತರವನ್ನು ತನ್ನ ಕೈಯಿಂದಲೇ ಕಂಡುಕೊಳ್ಳುತ್ತಾನೆ. ಯಾವ ಪ್ರಮಾಣದ ಮೇಲೆ ಕೆರೆಯನ್ನು ಇಲ್ಲಿಟ್ಟೆ, ಯಾವ ಶಾಸನದ ಆಧಾರದಿಂದ ಈ ಊರನ್ನು ಆ ಅರಸನಿಗೆ ಕೊಟ್ಟೆ ಎಂದು ಅಧ್ಯಾಪಕನು ಕೇಳಬಹುದು. ವಿದ್ಯಾರ್ಥಿಯು ಸಂಪುಟವನ್ನು ತೆರೆದು ಉತ್ತರಿಸಬೇಕಾಗುತ್ತದೆ.

ಕನ್ಸೋಲಿನ ಓದುಗನಿಗೆ ಈ ಅವಕಾಶವಿಲ್ಲ. ಅವನು ಇತರರು ರಚಿಸಿದ ಭೂತಕಾಲವನ್ನು ಆಡುತ್ತಾನೆ. ಕಂಪ್ಯೂಟರಿನ ಓದುಗನು ಬೇಕೆಂದರೆ ಅದರ ಅಂಚಿನಲ್ಲಿ ತನ್ನ ಟಿಪ್ಪಣಿಯನ್ನು ಬರೆಯಬಲ್ಲನು. ದೊಡ್ಡ ಚಕ್ರಾಧಿಪತ್ಯಗಳ ಕಥೆಗೆ ಇದರಿಂದ ಆಗುವ ನಷ್ಟ ಅಲ್ಪ. ಅವುಗಳನ್ನು ನಿರ್ಮಾಪಕರೇ ಹೇಳಿಯಾರು. ಬೆಳಗುತ್ತಿಯ ಸಿಂದರನ್ನು, ಸೂಳೆಕೆರೆಯನ್ನು ಅವರು ಹೇಳಲಾರರು. ಸಣ್ಣ ಸೀಮೆಯ ಇತಿಹಾಸ ಉಳಿಯುವುದು ತಿದ್ದಲು ಬರುವ ಪಾಠದಲ್ಲಿ ಮಾತ್ರ.

ಕನ್ಸೋಲಿನ ಪಕ್ಷ

ಇಷ್ಟರಿಂದ ಕನ್ಸೋಲು ಹೀನವೆಂದು ಸಾಧಿಸಿದಂತಾಗದು. ಮೌಸಿನ ವೇಗಕ್ಕೆ ಹೆದರಿ ದೂರವಿದ್ದವರನ್ನು ಅದು ಆಟದೊಳಕ್ಕೆ ಕರೆತಂದಿದೆ. ಎರಡು ಯಂತ್ರಗಳ ಆಟಗಾರರು ಇಚ್ಛಿಸಿದರೆ ಒಂದೇ ಆಟದಲ್ಲಿ ಎದುರುಬದುರಾಗಲೂ ಸಾಧ್ಯ. ಆದರೆ ಬೋಧನೆಯ ದೃಷ್ಟಿಯಿಂದ ನೋಡಿದರೆ, ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇರುವುದು ಕಂಪ್ಯೂಟರುಗಳೇ ಹೊರತು ಕನ್ಸೋಲುಗಳಲ್ಲ. 1999ರ ಮೂಲಪ್ರತಿಗೆ 32 ಮೆಗಾಬೈಟ್ ಸ್ಮೃತಿಯ ಯಂತ್ರ ಸಾಕಾಗಿತ್ತು. ನವೀಕೃತ ರೂಪಕ್ಕೂ ಕನಿಷ್ಠ ಅಗತ್ಯ 4 ಗಿಗಾಬೈಟ್. ಇದು ಸಾಧಾರಣ ಕಂಪ್ಯೂಟರುಗಳಿಗೆ ಎಟುಕದ ಮಟ್ಟವೇನಲ್ಲ. ತೆರೆಯ ಮೇಲಿನ ಭಾಷೆಗಳಲ್ಲಿ ಹಿಂದಿಯುಂಟು, ಕನ್ನಡವಿಲ್ಲ ಎಂಬುದು ಮಾತ್ರ ಎರಡು ಪಾಠಗಳಿಗೂ ಸಮಾನವಾದ ಕೊರತೆ.

ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಆಟವನ್ನು ಆಧಾರವಾಗಿ ಉಲ್ಲೇಖಿಸುವವರು ಹೆಸರನ್ನಷ್ಟೇ ಹೇಳಿದರೆ ಸಾಲದು. ಯಾವ ವರ್ಷದ ರೂಪ, ಯಾವ ಯಂತ್ರ, ಯಾವ ಉಪಕರಣ ಎಂಬ ಮೂರನ್ನೂ ತಿಳಿಸಬೇಕು. ಇಲ್ಲವಾದರೆ 1999ರ ಕೃತಿಯನ್ನೂ 2006ರ ಸರದಿಯಾಟವನ್ನೂ ಒಂದೆಂದು ಬಗೆಯುವ ಪ್ರಮಾದ ಉಂಟಾದೀತು. ಎರಡನೆಯದು, ಪಾಠಗಳನ್ನು ತೂಗುವಾಗ ಯಾವುದು ಕಣ್ಣಿಗೆ ಚೆಲುವು ಎಂದು ಕೇಳುವುದರ ಜೊತೆಗೆ, ಯಾವುದು ನಮಗೆ ಬರೆಯಲು ಕೊಡುತ್ತದೆ ಎಂದೂ ಕೇಳಬೇಕು. ಶಾಸನ ಸಂಪುಟಗಳು ನಮ್ಮ ಗ್ರಂಥಾಲಯಗಳ ಕಪಾಟುಗಳಲ್ಲಿವೆ, ಯಂತ್ರಗಳು ಪ್ರಯೋಗಾಲಯಗಳಲ್ಲಿವೆ. ಒಂದು ಸಂಪುಟವನ್ನು ಒಂದು ಯಂತ್ರದ ಬಳಿಗೆ ಒಯ್ದು ತಮ್ಮ ಊರಿನ ಕೆರೆಯಿಂದ ಕೆಲಸವನ್ನು ಆರಂಭಿಸಲು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಯಾರ ಅಪ್ಪಣೆಯೂ ಬೇಕಿಲ್ಲ.